ಎಡಕ್ಕೆ ವಾಲಿದ ಹಬೆ

ಫೆಬ್ರವರಿ ೯, ಮಧ್ಯಾಹ್ನ

ಹದಿನಾಲ್ಕು ವಿಮಾನ ಹೋದವು. ಹದಿನಾಲ್ಕೂ ಬಂದವು. ಮೂರನೆಯವನಿಗೆ ವೇಗ ಹೆಚ್ಚು. ಒಂಬತ್ತನೆಯವನ ಬಾಲದ ಕೊಕ್ಕೆ ಡೆಕ್ಕಿಗೆ ಅಡ್ಡ ಕಟ್ಟಿದ ತಡೆತಂತಿಗಳಲ್ಲಿ ಕೊನೆಯದಕ್ಕೆ ಸಿಕ್ಕಿತು. ಇನ್ನೊಂದು ಮಾರು ಮುಂದೆ ಹೋಗಿದ್ದರೆ ಮೂತಿ ಜಜ್ಜಿಕೊಳ್ಳುತ್ತಿದ್ದ. ನಾನು ಕೂಗಿದ್ದನ್ನು ಗುಮಾಸ್ತ ಬರೆದುಕೊಂಡ — 'ವೇಗ', 'ತಡ', 'ಪರವಾಗಿಲ್ಲ'. ಪುಸ್ತಕದ ಮುಂದಿನಿಂದ ಅವನ ಅಕ್ಷರ. ತಿರುವಿ ಹಾಕಿದರೆ ಹಿಂದಿನಿಂದ ನನ್ನದು, ಇದು. ಬೇರೆ ನೋಟ್‌ಬುಕ್ ಕೇಳಿದ್ದೆ. ಕಾಗದಕ್ಕೆ ಕೊರತೆ ಎಂದರು ಉಗ್ರಾಣದವರು. ಬಾಂಬಿಗೆ ಕೊರತೆ ಇಲ್ಲ.

ಅಪ್ಪನ ಕಾಗದ. ಪಕ್ಕದ ಮನೆಯವರ ಕೈಲಿ ಬರೆಸಿದ್ದು. 'ವಿಮಾನ ಬಿಟ್ಟು ಬೀಸಣಿಗೆ ಹಿಡಿದಿದ್ದೀಯಂತೆ, ಯಾರಿಗೋ ಗಾಳಿ ಹಾಕ್ತಾ ಇರೋದು?' ಹಡಗಿನಲ್ಲೂ ನನಗೆ ಅದೇ ಹೆಸರು. ಬೀಸಣಿಗೆ. ಕೂತು ಉತ್ತರ ಬರೆದೆ:

'ಅಪ್ಪಾ, ಹಡಗಿನ ಹಿಂತುದಿಯ ಎಡಮೂಲೆಯಲ್ಲಿ ಒಂದು ಹಲಗೆ ಚಾಚಿದೆ. ಅದರ ಮೇಲೆ ನಾನು. ಎರಡು ಕೈಗೂ ಒಂದೊಂದು ಬಣ್ಣದ ಬ್ಯಾಟು. ಇಳಿಯುವ ವಿಮಾನದ ಮೂತಿ ಮೇಲಕ್ಕಿರುತ್ತದೆ. ಪೈಲಟ್‌ಗೆ ಡೆಕ್ ಕಾಣುವುದಿಲ್ಲ, ನಾನು ಕಾಣುತ್ತೇನೆ. ಬಲಗೈ ಕೆಳಗೆ ಬಿಟ್ಟರೆ — ಎಂಜಿನ್ ಕಡಿ, ಇಳಿ. ಎರಡೂ ಕೈ ತಲೆಯ ಮೇಲೆತ್ತಿ ಆಡಿಸಿದರೆ — ಬೇಡ, ಹೋಗು, ಇನ್ನೊಂದು ಸುತ್ತು ಹಾಕು. ಇವೆರಡಕ್ಕೂ ಎದುರು ಮಾತಿಲ್ಲ. ಅಡ್ಮಿರಲ್ ಮಗನಾದರೂ ನನ್ನ ಕೈ ನೋಡಿಯೇ ಇಳಿಯಬೇಕು.'

ಕೊನೆಯ ಸಾಲು ಅಪ್ಪನಿಗೆ ಹಿಡಿಸುತ್ತದೆ. ಮೂವತ್ತು ವರ್ಷ ಹಡಗುಕಟ್ಟೆಯಲ್ಲಿ ರಿವೆಟ್ ಬಡಿದವನು. ಅವನು ಬಡಿದ ಹಡಗುಗಳ ಒಳಗೆ ಅವನನ್ನು ಒಂದು ದಿನವೂ ಬಿಟ್ಟುಕೊಳ್ಳಲಿಲ್ಲ.

ಫೆಬ್ರವರಿ ೧೧

ನಮ್ಮ ಪೈಲಟ್ ಗಿಡ್ಡನ ದಿಂಬು ಇವತ್ತು ಎಲ್ಲರ ನಗೆಗೆ ವಸ್ತು. ಅವನ ಅಕ್ಕ ಹೊಸದು ಹೊಲಿದು ಕಳಿಸಿದ್ದಾಳೆ. ಕುರ್ಚಿ, ಸೋಫಾಗಳಿಗೆ ಮೆತ್ತೆ ಹೊಲಿಯುವ ಕಾರ್ಖಾನೆಯಲ್ಲಿ ಕೆಲಸ ಅವಳಿಗೆ. ದಪ್ಪ ಕ್ಯಾನ್ವಾಸ್, ಅಡಿಗೆ ರಬ್ಬರು, ಮೂಲೆಗೊಂದರಂತೆ ನಾಲ್ಕು ಲಾಡಿ. ಅದರ ಮೇಲೆ ಕೂತರೇನೇ ಗಿಡ್ಡನಿಗೆ ಗಾಜಿನಾಚೆ ಲೋಕ ಕಾಣುವುದು.

'ಅಣ್ಣಾ, ಈ ಸಲ ಎರಡು ಬೆರಳು ಎತ್ತರ ಜಾಸ್ತಿ ಮಾಡಿದ್ದಾಳೆ. ಇನ್ನು ನಿನ್ನ ಮುಖ ಕಾಣುತ್ತೆ.'

'ಇಷ್ಟು ದಿನ ಏನು ನೋಡ್ಕೊಂಡು ಇಳೀತಿದ್ದೆ?'

'ನಿನ್ನ ಬೈಗುಳ ಕೇಳ್ಕೊಂಡು.'

ಇಬ್ಬರೂ ಒಂದೇ ಬ್ಯಾಚು. ಯುದ್ಧಕ್ಕೆ ದೊಡ್ಡ ಮನೆಗಳ ಮಕ್ಕಳು ಸಾಲದೆ ಹೋದಾಗ ಬಂದರಿನ ಕೇರಿಯವರಿಗೂ ಬಾಗಿಲು ತೆರೆದರು. ಒಳಗೆ ಬಂದವರು ನಾವಿಬ್ಬರೇ. ಆಯ್ಕೆಯ ದಿನ ಮೇಜಿನಾಚೆಯಿಂದ ಒಬ್ಬ ಕೇಳಿದನಂತೆ, 'ನಿಮ್ಮ ತಂದೆ ಏನು ಮಾಡ್ತಾರೆ?' ಗಿಡ್ಡ ಹೇಳಿದ್ದು: 'ನೆಲದಡಿ ಕೆಲಸ ಸಾರ್. ಹೆಚ್ಚು ಹೇಳೋ ಹಾಗಿಲ್ಲ.' ಗೂಢಚಾರರ ಇಲಾಖೆ ಎಂದುಕೊಂಡು ತಲೆದೂಗಿದರು. ಅವನಪ್ಪ ಚರಂಡಿಗೆ ಇಳಿಯುತ್ತಿದ್ದವನು. ಒಂದು ದಿನ ಇಳಿದವನು ಮೇಲೆ ಬರಲಿಲ್ಲ. ಗಿಡ್ಡ ಅದನ್ನೂ ನಗುತ್ತಲೇ ಹೇಳುತ್ತಾನೆ. ನನಗೆ ನಗು ಬರುವುದಿಲ್ಲ, ಆದರೂ ನಗುತ್ತೇನೆ.

ಈಗ ಹಾರಾಟದ ಶಾಲೆಯಲ್ಲಿ ನಮ್ಮ ಕೇರಿಗಳ ಕಡೆಯವರು ಆರು ಮಂದಿ. ಗಿಡ್ಡನ ಫೋಟೊ ಪೇಪರಿನಲ್ಲಿ ನೋಡಿ ಅರ್ಜಿ ಹಾಕಿದವರು. ಅವನಿಗೆ ಕಾಗದ ಬರೆಯುತ್ತಾರೆ. ಉತ್ತರ ಬರೆದೂ ಬರೆದೂ ಅವನ ಬೆರಳೆಲ್ಲ ಶಾಯಿ.

ಫೆಬ್ರವರಿ ೧೨

ಭುಜ ಎತ್ತಲಾಗುತ್ತಿಲ್ಲ. ಒಂಬತ್ತು ದಿನದಿಂದ ಬಿಡುವಿಲ್ಲ. ಬೆಳಿಗ್ಗೆ ಒಂದು ಗುಂಪು, ಮಧ್ಯಾಹ್ನ ಒಂದು, ಸಂಜೆ ಒಂದು. ಇನ್ನೊಂದು ಹಡಗಿನಲ್ಲಿ ಈ ಕೆಲಸಕ್ಕೆ ಮೂವರಿದ್ದಾರೆ. ಇಲ್ಲಿ ನಾನೊಬ್ಬ.

ಕಮಾಂಡರ್ ಹತ್ತಿರ ಹೋದೆ. ವಿಮಾನಗಳ ಕೆಲಸವೆಲ್ಲ ಅವನ ಕೈಯಲ್ಲಿ. ಮೇಜಿನ ಮೇಲೆ ಹಣ್ಣು.

'ಸಾರ್, ಇನ್ನೊಬ್ಬ ಬೇಕು. ಕೈ ಸೋಲ್ತಿದೆ.'

'ಕೈ ಬೀಸೋದಕ್ಕೆ ಇಬ್ಬರು ಬೇಕೇನಪ್ಪಾ?' ಕಿತ್ತಲೆ ಸುಲಿಯುತ್ತಲೇ ಕೇಳಿದ. 'ಬರೆದು ಕೊಡು. ಮುಂದೆ ಕಳಿಸ್ತೀನಿ.'

ಬರೆದು ಕೊಟ್ಟೆ. ಇದು ಮೂರನೆಯ ಸಲ.

ಗುಮಾಸ್ತ ಭುಜಕ್ಕೆ ಮುಲಾಮು ತಿಕ್ಕಿದ. ಐವತ್ತರ ಹತ್ತಿರದವನು. ಯುದ್ಧಕ್ಕೆ ಮುಂಚೆ ಉಗ್ರಾಣದಲ್ಲಿ ಪಟ್ಟಿ ಬರೆಯುತ್ತಿದ್ದವನು. 'ಸಾರ್, ನಿಮ್ಮ ಭುಜಕ್ಕಿಂತ ನಮ್ಮನೆ ಬಾಗಿಲ ಕೀಲು ಎಷ್ಟೋ ವಾಸಿ. ಅದು ಎಣ್ಣೆ ಹಾಕಿದ್ರೆ ಸುಮ್ಮನಾಗುತ್ತೆ.'

ಫೆಬ್ರವರಿ ೧೫

ಬೆಳಗಿನಿಂದ ಮಂಜು. ಹಾರಾಟವಿಲ್ಲ. ಹಾಸಿಗೆಯ ಮೇಲೆ ಬಿದ್ದುಕೊಂಡಿದ್ದರೂ ನಿದ್ದೆಯಿಲ್ಲ. ಎಡಗಿವಿಯೊಳಗೆ ಸಿಳ್ಳೆ.

ಹೋದ ವರ್ಷ ಇದೇ ತಿಂಗಳು ನೀರಿಗೆ ಬಿದ್ದದ್ದು. ಎಂಜಿನ್ನಿಗೆ ಗುಂಡು ಹೊಕ್ಕಿತ್ತು. ಅಲೆಯ ಬೆನ್ನ ಮೇಲೆ ಇಳಿಸಿದೆ. ನಲವತ್ತು ನಿಮಿಷ ನೀರಲ್ಲಿದ್ದೆ. ಎತ್ತಿಕೊಂಡರು. ಬದುಕಿದೆ, ಎಡಗಿವಿ ಸತ್ತಿತು. 'ಇನ್ನು ಹಾರೋದು ಬೇಡ' ಎಂದ ಡಾಕ್ಟರ್. ಅರವತ್ತೊಂದು ಸಲ ಶತ್ರುವಿನ ಮೇಲೆ ಹೋಗಿ ಬಂದವನನ್ನು ಒಂದು ಸಾಲಿನಲ್ಲಿ ಮುಗಿಸಿದ. ವಿಮಾನ ಕಿತ್ತುಕೊಂಡರು, ಬ್ಯಾಟು ಕೊಟ್ಟರು.

ಆಸೆ ಹೋಗಿಲ್ಲ. ಪ್ರತಿ ಎಂಜಿನ್ ಚಾಲೂ ಆದಾಗ ಬಲಗಾಲು ತಾನಾಗಿ ಒತ್ತುತ್ತದೆ. ಯಾರಿಗೂ ಹೇಳಿಲ್ಲ.

ಫೆಬ್ರವರಿ ೧೭, ಬೆಳಿಗ್ಗೆ ೬

ಎದ್ದೆ. ಶರ್ಟಿನ ತೋಳಿಗೆ ಕೈ ತೂರಿಸಲು ಗುಮಾಸ್ತ ಸಹಾಯ ಮಾಡಿದ. ಸಮುದ್ರ ಒರಟಾಗಿದೆ. ಜಲಾಂತರ್ಗಾಮಿಗಳ ಸುದ್ದಿ. ನಿನ್ನೆ ದಂಡಿನ ಮುಖ್ಯ ಹಡಗಿನಿಂದ ನಮ್ಮ ಕ್ಯಾಪ್ಟನ್‌ಗೆ ಬೈಗುಳ ಬಂದಿದೆಯಂತೆ — ವಿಮಾನ ಇಳಿಸಿಕೊಂಡು ಸಾಲಿಗೆ ಮರಳುವುದರಲ್ಲಿ ಪ್ರತಿ ಸಲ ನಿಮ್ಮದೇ ತಡ.

ಎಂಟು ಹೋಗುತ್ತವೆ. ಗಿಡ್ಡ ಎಂಟನೆಯವನು. ದಿಂಬು ಕಂಕುಳಲ್ಲಿಟ್ಟುಕೊಂಡು ಬಂದ. 'ಅಣ್ಣಾ, ಬೇಗ ಇಳಿಸ್ಕೊ. ಕಾಗದ ಬರೆಯೋದಿದೆ.'

ಫೆಬ್ರವರಿ ೨೧

ಗಿಡ್ಡ ಇಲ್ಲ.

ಏಳು ಇಳಿದವು. ಅವನು ಡೆಕ್ಕಿನ ಎಡ ಅಂಚಿಗೆ ಬಡಿದು ನೀರಿಗೆ ಬಿದ್ದ. ವಿಮಾನ ಒಂದು ನಿಮಿಷವೂ ತೇಲಲಿಲ್ಲ. ಬೆಂಗಾವಲು ಹಡಗಿನವರಿಗೆ ಸಿಕ್ಕಿದ್ದು ದಿಂಬು ಒಂದೇ.

ನಾಲ್ಕು ದಿನ ಬರೆಯಲಿಲ್ಲ. ಇವತ್ತೂ ಇಷ್ಟೇ.

ಫೆಬ್ರವರಿ ೨೨, ಬೆಳಿಗ್ಗೆ

ಇಷ್ಟೇ ಅಲ್ಲ. ಯಾರೂ ಓದದ ಪುಸ್ತಕದಲ್ಲೂ ಸುಳ್ಳು ಬರೆದರೆ ನಾನು ಯಾವ ಜಾತಿಯ ಪ್ರಾಣಿ.

ಡೆಕ್ಕಿನ ಮುಂತುದಿಯಲ್ಲಿ ನಡುವೆ ಒಂದು ತೂತಿದೆ. ಅದರಿಂದ ಹಬೆ ಬಿಡುತ್ತಾರೆ. ಅದರ ಹಿಂದೆ ಡೆಕ್ಕಿನುದ್ದಕ್ಕೂ ಬಿಳಿ ಗೆರೆ. ಹಡಗು ಗಾಳಿಗೆ ನೇರ ಎದುರಾಗಿದ್ದರೆ ಹಬೆ ಗೆರೆಯ ಮೇಲೆ ಮಲಗಿ ನನ್ನ ಕಡೆಗೆ ಹರಿದು ಬರುತ್ತದೆ. ಹಾಗಿದ್ದಾಗ ಮಾತ್ರ ಇಳಿಸಬೇಕು. ಹಡಗು ತಿರುಗಿದರೆ ಹಬೆ ವಾಲುತ್ತದೆ. ಎಲ್ಲ ವಿಮಾನ ಇಳಿಯುವ ತನಕ ಹಡಗು ತಿರುಗಬಾರದು. ಇದು ನಿಯಮ, ಗೋಡೆಯ ಮೇಲೆ ಬರೆದು ಹಾಕಿದ್ದಾರೆ.

ಏಳನೆಯವನು ಇಳಿದ. ಗಿಡ್ಡ ತಿರುವು ಮುಗಿಸಿ ನೇರಕ್ಕೆ ಬಂದ. ಎಣ್ಣೆ ತಳ ಕಂಡಿದೆ ಎಂದು ರೇಡಿಯೊದವರು ಮುಂಚೆಯೇ ಹೇಳಿದ್ದರು. ಚೆನ್ನಾಗಿ ಬಂದ. ಅವನ ಜೀವಮಾನದಲ್ಲೇ ಅಷ್ಟು ಚೆನ್ನಾಗಿ ಬಂದಿರಲಿಲ್ಲ. ಆಗ ಕಣ್ಣಂಚಿನಲ್ಲಿ ಕಂಡಿತು. ಹಬೆ ಎಡಕ್ಕೆ. ಹಡಗು ತಿರುಗಲು ಶುರು ಮಾಡಿತ್ತು. ಕಾಲಡಿಯ ಹಲಗೆ ಮೇಲೆದ್ದದ್ದೂ ಗೊತ್ತಾಯಿತು. ಬಾಯಿಂದ ಬಂತು: 'ಹಬೆ ಎಡಕ್ಕೆ!' ಗುಮಾಸ್ತ ಬರೆದುಕೊಂಡ. ನನ್ನ ಬಾಯಿಂದ ಬಂದದ್ದೆಲ್ಲ ಬರೆಯುವುದು ಅವನ ಅಭ್ಯಾಸ.

ಎರಡು ರೆಪ್ಪೆ ಬಡಿತದಷ್ಟು ಹೊತ್ತಿತ್ತು. 'ಹೋಗು' ಎನ್ನಬೇಕಿತ್ತು. ಇನ್ನೊಂದು ಸುತ್ತಿಗೆ ಎಣ್ಣೆ ಸಾಲದಿದ್ದರೆ ಹಡಗಿನ ಪಕ್ಕ ನೀರಿಗೆ ಇಳಿಯುತ್ತಿದ್ದ. ನಾನು ಇಳಿದಿಲ್ಲವೇ? ಬದುಕಿಲ್ಲವೇ?

'ಹೋಗು' ಎನ್ನಲು ಎರಡೂ ಕೈ ತಲೆಯ ಮೇಲೆತ್ತಬೇಕು. 'ಇಳಿ' ಎನ್ನಲು ಬಲಗೈ ಕೆಳಗೆ ಬಿಟ್ಟರೆ ಸಾಕು.

ಕೈ ಕೆಳಗೆ ಬಿಟ್ಟೆ.

ಎಣ್ಣೆಯ ಲೆಕ್ಕ ಹಾಕಲಿಲ್ಲ. ಏನನ್ನೂ ಯೋಚಿಸಲಿಲ್ಲ. ಇವನೊಬ್ಬ ಇಳಿದರೆ ಮಲಗಬಹುದು ಎಂದಿತ್ತು ಮೈ. ಕೈ ಬಿದ್ದುಹೋಯಿತು. ಗಿಡ್ಡ ಎಂಜಿನ್ ಕಡಿದ. ನನ್ನ ಮಾತು ಮೀರಿದವನಲ್ಲ. ಬಿಳಿ ಗೆರೆ ಅವನ ಅಡಿಯಿಂದ ಬಲಕ್ಕೆ ಸರಿದುಹೋಯಿತು. ಗಾಳಿ ಎಡಕ್ಕೆ ತಳ್ಳಿತು. ಎಡ ಚಕ್ರ ಅಂಚಿಗೆ ಸಿಕ್ಕಿತು. ನಾನು ಪಕ್ಕದ ಬಲೆಗೆ ಹಾರಿದೆ. ತಲೆ ಎತ್ತಿದಾಗ ಡೆಕ್ಕಿನ ಮೇಲೆ ಏನೂ ಇರಲಿಲ್ಲ.

ಹಡಗು ತಿರುಗಿಸಿದ್ದು ಕ್ಯಾಪ್ಟನ್. ಕೈ ಬಿಟ್ಟದ್ದು ನಾನು. ಎರಡೂ ನಿಜ.

ಫೆಬ್ರವರಿ ೨೪

ಕಮಾಂಡರ್ ಕರೆಸಿದ. ಮೇಜಿನ ಮೇಲೆ ದಿಂಬು. ಒಣಗಿ ಉಪ್ಪು ಕಟ್ಟಿದೆ.

'ಕೂತ್ಕೊಳ್ಳಪ್ಪಾ. ಪಾಪ, ನಿನ್ನ ಸ್ನೇಹಿತ.' ನಿಟ್ಟುಸಿರು ಬಿಟ್ಟ. ಆ ನಿಟ್ಟುಸಿರಿನಲ್ಲಿ ಸುಳ್ಳಿರಲಿಲ್ಲ, ಅದೇ ಕಷ್ಟ. 'ನೋಡು, ಇದು ಸರ್ಕಾರ ಕೊಟ್ಟಿದ್ದಲ್ಲ. ಮನೆಯಲ್ಲಿ ಹೊಲಿದದ್ದು. ಇಳಿಯೋವಾಗ ಜಾರಿದೆ. ಅವನಿಗೆ ಮುಂದೆ ಕಾಣಲಿಲ್ಲ. ಅಷ್ಟೇ ವಿಷಯ.'

'ಹಡಗು ತಿರುಗಿತ್ತು ಸಾರ್.'

'ತಿರುಗಿದ್ದು ಆಮೇಲೆ. ಬ್ರಿಜ್‌ನಲ್ಲಿ ಕ್ಯಾಪ್ಟನ್ ಬರೆಸೋ ಪುಸ್ತಕದಲ್ಲಿ ಹಾಗೇ ಇದೆ.'

'ನನ್ನ ಪುಸ್ತಕದಲ್ಲಿ ಹಾಗಿಲ್ಲ.'

'ಹಬೆ ವಾಲಿದ್ದು ನೀನು ನೋಡಿದ್ರೆ ಯಾಕಪ್ಪಾ ಇಳಿಸ್ದೆ?'

ಮೇಜಿನ ಮೇಲೆ ಉದುರಿದ ಉಪ್ಪನ್ನು ಬೆರಳಿನಿಂದ ಒರೆಸಿದೆ.

'ನೋಡ್ದ್ಯಾ? ಅದಕ್ಕೇ ಹೇಳೋದು. ಆ ಪುಟ ಶುದ್ಧಪ್ರತಿ ಮಾಡಿ ಕೊಡು. ಬಂದರಿಗೆ ಹೋದ ಮೇಲೆ ವಿಚಾರಣೆ, ಐದು ನಿಮಿಷದ ಕೆಲಸ. ನಿನ್ನ ಕಿವಿ ಡಾಕ್ಟರ್ ಇನ್ನೊಂದು ಸಲ ನೋಡ್ತಾನೆ. ಬಲಗಿವಿ ಸರಿಯಾಗಿದೆಯಲ್ಲ? ಪೈಲಟ್‌ಗಳು ಸಾಲ್ತಿಲ್ಲ. ಮತ್ತೆ ಹಾರಬಹುದು.'

ಮತ್ತೆ ಹಾರಬಹುದು. ಎದೆ ಹಾರಿತು, ಬರೆಯಲು ನಾಚಿಕೆ. ಸತ್ತವನ ದಿಂಬು ಎದುರಿಗಿದೆ, ನನ್ನ ಬಲಗಾಲು ಮೇಜಿನಡಿ ಒತ್ತುತ್ತಿದೆ.

ಜಲಾಂತರ್ಗಾಮಿಗಳ ನಡುವೆ ಒಂದೇ ದಿಕ್ಕಿಗೆ ಹೋಗುವುದು ಅಪಾಯವೇ. ಹಡಗಿನಲ್ಲಿ ಒಂಬೈನೂರು ಜೀವ. 'ಒಂಬೈನೂರು ಜನರಿಗಾಗಿ ತಿರುಗಿಸಿದೆ' ಎಂದು ಕ್ಯಾಪ್ಟನ್ ಹೇಳಿದ್ದರೆ ನಾನು ತಲೆ ತಗ್ಗಿಸುತ್ತಿದ್ದೆ. ಹಾಗೆನ್ನಲಿಲ್ಲ. ದಿಂಬು ಎಂದರು.

ಎದ್ದು ಬರುವಾಗ ದಿಂಬನ್ನು ಕೈಗೆ ತೆಗೆದುಕೊಂಡು ನೋಡಿದೆ. ನಾಲ್ಕೂ ಲಾಡಿಗಳಿವೆ. ನಾಲ್ಕೂ ಗಂಟುಗಳಿವೆ. ಗಂಟಿನೊಳಗೆ ಸೀಟಿನ ಪಟ್ಟಿಯ ಹರಿದ ಚೂರು. ಸೀಟು ಕಿತ್ತು ಬಂದಿದೆ, ಗಂಟು ಬಿಚ್ಚಿಲ್ಲ. ಕಮಾಂಡರ್ ಅದನ್ನು ತಿರುಗಿಸಿಯೂ ನೋಡಿಲ್ಲ.

ಫೆಬ್ರವರಿ ೨೫

ನಮ್ಮಲ್ಲೊಂದು ರೂಢಿ. ಪ್ರತಿ ಪೈಲಟ್ ತನ್ನ ಪೆಟ್ಟಿಗೆಯ ಇನ್ನೊಂದು ಕೀಲಿಯನ್ನು ಒಬ್ಬ ಸ್ನೇಹಿತನ ಹತ್ತಿರ ಇಡುತ್ತಾನೆ. ಅವನು ಬಾರದಿದ್ದರೆ ಸ್ನೇಹಿತ ಪೆಟ್ಟಿಗೆ ತೆಗೆದು, ಮನೆಯವರ ಕಣ್ಣಿಗೆ ಬೀಳಬಾರದ್ದನ್ನು ತೆಗೆದಿಟ್ಟು, ಮಿಕ್ಕಿದ್ದನ್ನು ಕಳಿಸಬೇಕು. ನನ್ನ ಸರದಲ್ಲಿ ಈಗ ಐದು ಕೀಲಿ. ನಾಲ್ಕು ಪೆಟ್ಟಿಗೆಗಳು ಯಾವಾಗಲೋ ಹೋಗಿವೆ.

ಗಿಡ್ಡನ ಪೆಟ್ಟಿಗೆಯಲ್ಲಿ ಮುಚ್ಚಿಡುವಂಥದ್ದು ಒಂದೂ ಇರಲಿಲ್ಲ. ಎರಡು ಶರ್ಟು, ಎರಡೂ ಚಿಕ್ಕ ಹುಡುಗರ ಅಳತೆ. ಅರ್ಧ ಬರೆದ ಕಾಗದ — 'ಎತ್ತರ ಕಡಿಮೆ ಅಂತ ಹೆದರಬೇಡಿ, ದಿಂಬು ಹೊಲಿಯೋರು ಮನೇಲಿದ್ರೆ ಸಾಕು.' ಆ ಆರು ಮಂದಿಗೆ.

ಲಾಗ್‌ಬುಕ್. ಪ್ರತಿ ಹಾರಾಟಕ್ಕೆ ಒಂದು ಸಾಲು. ಹತ್ತಿದ ಹೊತ್ತು, ಇಳಿದ ಹೊತ್ತು, ಷರಾ. ಸತ್ತವನ ಕೊನೆಯ ಸಾಲನ್ನು ಕೀಲಿ ಇಟ್ಟುಕೊಂಡವನು ಬರೆಯಬೇಕು. ಆಮೇಲೆ ಅದು ಮನೆಗೆ ಹೋಗುತ್ತದೆ. ಹತ್ತಿದ ಹೊತ್ತು ಬರೆದೆ. ೬-೨೫. ಪೆನ್ನು ಅಲ್ಲೇ ನಿಂತಿತು.

ಷರಾ ಏನು ಬರೆಯಬೇಕೆಂದು ಕಮಾಂಡರ್ ಚೀಟಿ ಕಳಿಸಿದ್ದಾನೆ. 'ಪೈಲಟ್‌ನ ತಪ್ಪು. ಅನಧಿಕೃತ ದಿಂಬು.' ಜೊತೆಗೆ ಮೇಲಕ್ಕೆ ಹೋಗುವ ವರದಿಯ ಪ್ರತಿ. ಕೊನೆಯ ಸಾಲು: 'ಇಂಥ ಹಿನ್ನೆಲೆಯ ಅಭ್ಯರ್ಥಿಗಳ ಆಯ್ಕೆಯನ್ನು ಮರುಪರಿಶೀಲಿಸುವುದು ಒಳ್ಳೆಯದು.'

ಇಂಥ ಹಿನ್ನೆಲೆ! ಚರಂಡಿಯಲ್ಲಿ ಅಪ್ಪನನ್ನು ಕೊಂದಿರಿ, ನೀರಿನಲ್ಲಿ ಮಗನನ್ನು. ಈಗ ಬಾಗಿಲು ಮುಚ್ಚಲು ಅವನದೇ ಹೆಣ ಬೇಕು ನಿಮಗೆ. ಆ ಹೆಣವೂ ಸಿಕ್ಕಿಲ್ಲ, ದಿಂಬು ಇಟ್ಟು ಮುಚ್ಚುತ್ತೀರಿ.

ಕೂಗಾಡುತ್ತಿದ್ದೇನೆ, ಕಾಗದದ ಮೇಲೆ. ಕಮಾಂಡರ್ ಎದುರು 'ಸರಿ ಸಾರ್' ಎಂದು ಬಂದವನು ನಾನೇ.

ಮಾರ್ಚ್ ೨

ಬಂದರು ಸೇರಿದೆವು. ಬಾಯ್ಲರ್ ರಿಪೇರಿ. ನಾಲ್ಕು ದಿನ ರಜೆ. ಆರನೇ ತಾರೀಕು ಬೆಳಿಗ್ಗೆ ವಿಚಾರಣೆ.

ಮನೆ. ಒಂದೂವರೆ ಕೋಣೆ. ಅಪ್ಪ ಇನ್ನಷ್ಟು ಕಿವುಡನಾಗಿದ್ದಾನೆ. ರಿವೆಟ್ ಬಡಿದ ಕಿವಿ. ಅವನ ಬಲಗಿವಿ ಹೋಗಿದೆ, ನನ್ನ ಎಡಗಿವಿ. ಅಕ್ಕಪಕ್ಕ ಕೂರುವುದಕ್ಕೂ ಜಾಗ ಅದಲುಬದಲು ಮಾಡಿ ನೋಡಬೇಕಾಯಿತು. 'ಇಬ್ಬರೂ ಸೇರಿದ್ರೆ ಒಂದು ಪೂರ್ತಿ ಮನುಷ್ಯ ಕಣೋ' ಎಂದ. ನಕ್ಕೆವು. ಹದಿನಾಲ್ಕು ಗಂಟೆ ನಿದ್ದೆ ಮಾಡಿದೆನಂತೆ.

ಮಾರ್ಚ್ ೩

ಬೆಳಿಗ್ಗೆ ಅಪ್ಪನ ಜೊತೆ ಹಡಗುಕಟ್ಟೆಯ ಗೇಟಿನ ತನಕ ಹೋದೆ. ಈಗ ಅಲ್ಲಿ ಕಾವಲಿನವನು ಅವನು. ನಮ್ಮ ಓಣಿಯಿಂದ ನೇರ ಹೋದರೆ ಗೇಟು ಐದು ನಿಮಿಷ. ಅಪ್ಪ ಬಲಕ್ಕೆ ತಿರುಗಿ, ಗೋಡೌನುಗಳನ್ನು ಸುತ್ತಿ, ಕಾಲು ಗಂಟೆ ನಡೆಸಿದ. ನಾನು ಚಿಕ್ಕವನಿದ್ದಾಗಲೂ ಹೀಗೇ. ಆಗ ನನಗೆ ಹಡಗು ತೋರಿಸಲೆಂದೇ ಸುತ್ತುತ್ತಾನೆ ಎಂದುಕೊಂಡಿದ್ದೆ.

ಗಿಡ್ಡನ ವಿಷಯ ಹೇಳಿದೆ. ಕೈಯ ವಿಷಯವನ್ನೂ, ಕಮಾಂಡರ್ ಕೇಳಿದ ಶುದ್ಧಪ್ರತಿಯ ವಿಷಯವನ್ನೂ. ಇವನೊಬ್ಬನಿಗೇ ಹೇಳಿದ್ದು. ಕೇಳಿಸಿತೋ ಇಲ್ಲವೋ, ಕೋಲು ಊರುತ್ತಾ ನಡೆದ. ಗೋಡೌನ್ ಹಿಂದೆ ಬಂದ ಮೇಲೆ ನಿಂತ.

'ಈ ದಾರಿ ಯಾಕೆ ಹಿಡೀತೀನಿ ಗೊತ್ತೇನೋ?'

'ಹಡಗು ನೋಡೋಕೆ.'

'ಥೂ. ಹಡಗು ನೋಡಿ ನನಗೇನಾಗಬೇಕು.' ಗೋಡೆಗೆ ಒರಗಿದ. 'ನೇರ ಓಣೀಲಿ ಮೂರನೇ ಬಾಗಿಲು. ನನ್ನ ಜೊತೆ ರಿವೆಟ್ ಹಿಡೀತಿದ್ದನಲ್ಲ, ಅವನ ಹೆಂಡತಿ ಇರೋದು ಅಲ್ಲಿ. ನಿನಗೆ ಆರು ವರ್ಷ ಆಗ. ಅಟ್ಟಣಿಗೆ ಮುರೀತು. ಕೊಳೆತ ಹಲಗೆ ಅಂತ ನಾವೇ ತಿಂಗಳಿಂದ ಬಡ್ಕೊಂಡಿದ್ವಿ. ಅವನು ಬಿದ್ದ. ಸತ್ತೋದ. ಕಾಗದ ತಂದ್ರು, ಕುಡಿದು ಹತ್ತಿದ್ದ ಅಂತ. ಮುಷ್ಕರ ಮುರಿದಿದ್ರು, ಕೆಲಸ ಹೋಗೋ ಹೊತ್ತು. ಹೆಬ್ಬೆಟ್ಟು ಒತ್ತಿದೆ.'

'ಅವರಿಗೆ ಗೊತ್ತಾ?'

'ಅವಳು ಒಂದು ದಿನ ಒಂದು ಮಾತು ಅಂದಿಲ್ಲ. ಬೈದಿದ್ರೆ ನೇರ ದಾರೀಲೇ ಹೋಗ್ತಿದ್ದೆ.' ಕೋಲು ಊರಿಕೊಂಡು ಮತ್ತೆ ನಡೆದ. 'ಇಪ್ಪತ್ತೆರಡು ವರ್ಷ ಆಯ್ತು. ಈಗ ಮಂಡಿ ನೋವು. ಆದ್ರೂ ಸುತ್ತಾಡಿಕೊಂಡೇ ಹೋಗ್ತೀನಿ.'

ನೀನು ಆ ಪ್ರತಿಗೆ ಸಹಿ ಹಾಕಬೇಡ ಎಂದು ಹೇಳಲಿಲ್ಲ. ಹಾಕು ಎಂದೂ ಹೇಳಲಿಲ್ಲ. ಗೇಟಿನ ಹತ್ತಿರ ಟೋಪಿ ಸರಿಮಾಡಿಕೊಂಡು ಒಳಗೆ ಹೋದ.

ಮಾರ್ಚ್ ೪

ಗಿಡ್ಡನ ಅಕ್ಕನನ್ನು ನೋಡಲು ಹೋದೆ, ಪೆಟ್ಟಿಗೆ ಹೊತ್ತುಕೊಂಡು. ಲಾಗ್‌ಬುಕ್ ಮಾತ್ರ ನನ್ನಲ್ಲೇ ಉಳಿಸಿಕೊಂಡೆ. ಕಾರ್ಖಾನೆಯ ಊಟದ ಹೊತ್ತು. ಉದ್ದ ಕೋಣೆ, ಸಾಲು ಹೊಲಿಗೆ ಮಿಷನ್ನು, ಗಾಳಿಯಲ್ಲೆಲ್ಲ ಹತ್ತಿ. ಎಲ್ಲರೂ ಹೊರಗೆ ಊಟಕ್ಕೆ ಕೂತಿದ್ದರು, ಅವಳೊಬ್ಬಳು ಮಿಷನ್ ಮುಂದೆ. ಅವನಷ್ಟೇ ಎತ್ತರ. ಎದುರಿಗೆ ಕ್ಯಾನ್ವಾಸ್ ದಿಂಬು. ಹೊಲಿಯುತ್ತಿರಲಿಲ್ಲ, ಬ್ಲೇಡಿನಿಂದ ಹೊಲಿಗೆ ಬಿಚ್ಚುತ್ತಿದ್ದಳು.

'ಬೀಸಣಿಗೆ ಅಣ್ಣ ಅಲ್ವಾ ನೀವು? ಕೂತ್ಕೊಳ್ಳಿ.' ಸ್ಟೂಲಿನ ಮೇಲಿನ ಹತ್ತಿ ಕೊಡವಿದಳು. 'ಇದೂ ಅದೇ ಅಳತೆ. ಒಂದೇ ದಿನ ಎರಡು ಹೊಲಿದಿದ್ದೆ. ಎಲ್ಲಿ ತಪ್ಪಿದೆ ಅಂತ ನೋಡ್ತಿದ್ದೀನಿ.'

ಕಾಗದ ತೋರಿಸಿದಳು. ವಿಚಾರಣೆ ಇನ್ನೂ ಆಗಿಲ್ಲ, ಕಾಗದ ಆಗಲೇ ಬಂದಿದೆ. ದಿಂಬು ಜಾರಿ, ವಿಷಾದದೊಂದಿಗೆ.

'ಎರಡು ಬೆರಳು ಜಾಸ್ತಿ ಮಾಡಬಾರದಿತ್ತು, ಅಲ್ವಾ ಅಣ್ಣಾ? ಅವನೇ ಕೇಳಿದ. ಅಣ್ಣನ ಮುಖ ಕಾಣಲಿ ಅಂತ. ರಬ್ಬರ್ ಹಾಕಿದ್ದೆ. ಲಾಡಿ ಎರಡು ಮಡಿಕೆ ಹೊಲಿದಿದ್ದೆ. ಎಲ್ಲಿ ಬಿಚ್ಚಿತು?'

'ಬಿಚ್ಚಿಲ್ಲ. ನಾನು ನೋಡಿದೆ. ನಾಲ್ಕೂ ಗಂಟು ಹಾಗೇ ಇದ್ವು. ಸೀಟೇ ಕಿತ್ತು ಬಂದಿತ್ತು.'

ಬ್ಲೇಡು ಕೆಳಗಿಟ್ಟಳು. ಸುಳ್ಳು ಸಮಾಧಾನವೋ ಎಂದು ನನ್ನ ಮುಖ ನೋಡಿದಳು.

'ಹಾಗಾದ್ರೆ ಯಾಕೆ ಬಿದ್ದ?'

ಹೊರಗೆ ಗಂಟೆ ಹೊಡೆಯಿತು. ಹೆಂಗಸರು ಬಾಯಿ ಒರೆಸಿಕೊಳ್ಳುತ್ತಾ ಒಳಗೆ ಬಂದರು, ಮಿಷನ್ನುಗಳು ಒಟ್ಟಿಗೆ ಶುರುವಾದವು. ಆ ಸದ್ದಿನಲ್ಲಿ ಏನು ಹೇಳಿದರೂ ಕೇಳಿಸುತ್ತಿರಲಿಲ್ಲ. ಅದನ್ನೇ ನೆಪ ಮಾಡಿಕೊಂಡು ಎದ್ದು ಬಂದೆ.

ಹೇಡಿ. ಬರೆದಿಡುತ್ತೇನೆ. ಹೇಡಿ.

ಮಾರ್ಚ್ ೫, ಸಂಜೆ ೫

ಹಡಗಿಗೆ ಮರಳಿದೆ. ಗುಮಾಸ್ತ ಪುಸ್ತಕವನ್ನು ಎದೆಗೊತ್ತಿಕೊಂಡು ಕೂತಿದ್ದ. ಮಧ್ಯಾಹ್ನ ಕಮಾಂಡರ್ ಅವನನ್ನೂ ಕರೆಸಿದ್ದನಂತೆ. ಇಲ್ಲೊಂದು ಸಂಗತಿ — ರಜೆಗೆ ಹೋಗುವಾಗ ಪುಸ್ತಕವನ್ನು ಅವನಿಗೇ ಕೊಟ್ಟು ಹೋಗಿದ್ದೆ. ಮನೆಯಲ್ಲಿ ಬರೆದದ್ದು ಬಿಡಿ ಹಾಳೆಗಳ ಮೇಲೆ, ಈಗ ನಕಲು ಮಾಡಿದೆ.

'ಏನಂದ್ರು?'

'ಹೊಸ ಪುಟದಲ್ಲಿ ಬರೆದುಕೊಡು ಅಂದ್ರು. ಹಬೆ ನೆಟ್ಟಗೆ ಅಂತ.'

'ನೀನು?'

'ಸಾರ್, ಇಪ್ಪತ್ತು ವರ್ಷ ಉಗ್ರಾಣದಲ್ಲಿ ಪಟ್ಟಿ ಬರೆದೋನು. ಹತ್ತು ಮೂಟೆ ಬಂದ್ರೆ ಹತ್ತು ಅಂತ ಬರೀತೀನಿ. ಆಮೇಲೆ ಇಲಿ ತಿನ್ನಲಿ, ಸಾಹೇಬರು ತಿನ್ನಲಿ, ನನಗೆ ಸಂಬಂಧ ಇಲ್ಲ. ಬರೆದದ್ದು ತಿದ್ದಲ್ಲ.' ಪುಸ್ತಕವನ್ನು ನನ್ನ ಕೈಗಿಟ್ಟ. 'ಹೀಗೆಲ್ಲ ಅವರ ಮುಂದೆ ಹೇಳಲಿಲ್ಲ ಸಾರ್. ಕನ್ನಡಕ ಒಡೆದಿದೆ ಅಂದೆ. ನಾಳೆ ಪುಸ್ತಕ ನೀವೇ ತಗೊಂಡು ಹೋಗಿ. ಕೇಳಿದ್ರೆ ಅಕ್ಷರ ನಂದೇ ಅಂತೀನಿ. ಅಷ್ಟು ಮಾತ್ರ ನನ್ನ ಕೈಲಾಗೋದು.'

'ಹಿಂದಿನ ಪುಟ ಓದಿದ್ಯಾ?'

ನೆಲ ನೋಡಿದ. 'ಕನ್ನಡಕ ಒಡೆದಿದೆ ಸಾರ್.'

ಓದಿದ್ದಾನೆ.

ಪುಸ್ತಕ ಕೊಟ್ಟರೆ ಹಿಂದಿನ ಪುಟಗಳೂ ಹೋಗುತ್ತವೆ. ಫೆಬ್ರವರಿ ೨೨ ಅವರ ಕೈಗೆ ಸಿಕ್ಕಿದರೆ ಕ್ಯಾಪ್ಟನ್‌ಗಿಂತ ಮುಂಚೆ ನಾನು ಮುಗಿದೆ. ಹಾರುವುದಿರಲಿ, ಬ್ಯಾಟೂ ಇಲ್ಲ, ಸಮವಸ್ತ್ರವೂ ಇಲ್ಲ, ಜೈಲೂ ಆಗಬಹುದು. ಆ ಹಾಳೆಗಳನ್ನು ಹರಿದುಬಿಡೋಣ ಎಂದು ಹಿಡಿದೆ. ಎಳೆದಾಗ ಮುಂದಿನ ಹಾಳೆ ಅಲ್ಲಾಡಿತು. ನಡುವೆ ದಾರ ಹಾಕಿ ಹೊಲಿದ ಪುಸ್ತಕ. ಒಂದೇ ಉದ್ದ ಹಾಳೆಯನ್ನು ಮಡಿಸಿ ಎರಡು ಮಾಡಿದ್ದಾರೆ. ಬಿಡಿಸಿ ನೋಡಿದೆ. ಗುಮಾಸ್ತ 'ಹಬೆ ಎಡಕ್ಕೆ' ಎಂದು ಬರೆದ ಹಾಳೆಯ ಇನ್ನೊಂದು ಮಡಿಕೆಯೇ ನಾನು 'ಕೈ ಕೆಳಗೆ ಬಿಟ್ಟೆ' ಎಂದು ಬರೆದದ್ದು. ನನ್ನದು ಹರಿದರೆ ಅದು ಬಿಡಿ ಹಾಳೆ. ಬಿಡಿ ಹಾಳೆಗೆ ಬೆಲೆಯಿಲ್ಲ, ಯಾವಾಗ ಬೇಕಾದರೂ ಬರೆದು ತೂರಿಸಿದ್ದು ಎನ್ನುತ್ತಾರೆ.

ಎರಡನ್ನೂ ಇಡಬೇಕು. ಇಲ್ಲವೇ ಎರಡನ್ನೂ ಹರಿಯಬೇಕು.

ಹರಿದರೆ ಹಾರಬಹುದು. ಆಮೇಲೆ ಯಾವ ಕಾರ್ಖಾನೆಯ ಮುಂದೆ ಹಾಯಬೇಕಾದರೂ ಗೋಡೌನ್ ಸುತ್ತಿಕೊಂಡು ಹೋಗಬೇಕು.

ಸುಸ್ತು. ಊಟ ಬೇಡವಾಯಿತು.

ಮಾರ್ಚ್ ೬, ೯-೪೦

ವಿಚಾರಣೆಯ ಕೋಣೆಯ ಹೊರಗೆ ಬೆಂಚು. ಬೆಂಚಿನ ಒಂದು ಕಾಲು ಗಿಡ್ಡ. ಅವನಿದ್ದಿದ್ದರೆ ಇದಕ್ಕೊಂದು ಮಾತು ಹೇಳುತ್ತಿದ್ದ.

ಬೆಳಿಗ್ಗೆ ಕಾರ್ಖಾನೆಯ ಗೇಟಿನ ಹತ್ತಿರ ಹೋಗಿದ್ದೆ. ಕೆಲಸಕ್ಕೆ ಬರುತ್ತಿದ್ದ ಅವಳನ್ನು ನಿಲ್ಲಿಸಿ ಹೇಳಿದೆ. ಹಬೆ, ಹಡಗು, ಕೈ. ಎಲ್ಲ. ಬಯ್ಯಲಿಲ್ಲ, ಅಳಲೂ ಇಲ್ಲ. 'ಅಷ್ಟು ಸುಸ್ತಾಗಿದ್ರೆ ಯಾಕೆ ಅಲ್ಲಿ ನಿಂತ್ರಿ?' ಎಂದಳು. 'ನಿಲ್ಲಿಸಿದ್ರು' ಎಂದೆ. 'ಅವರಿಗೂ ಇದನ್ನ ಹೇಳಿ' ಎಂದಳು. ಗಂಟೆ ಹೊಡೆಯಿತು. ಎರಡು ಹೆಜ್ಜೆ ಹೋದವಳು ತಿರುಗಿ, 'ಆ ದಿಂಬು ವಾಪಸ್ ಕೊಡಿಸಿ' ಎಂದು ಒಳಗೆ ಹೋದಳು. ಕ್ಷಮಿಸಿದಳೋ ಇಲ್ಲವೋ ಗೊತ್ತಿಲ್ಲ. ಕೇಳಲು ನಾನು ಯಾರು.

ಕಮಾಂಡರ್ ಈಗ ಹಾದುಹೋದ. 'ಶುದ್ಧಪ್ರತಿ ತಂದ್ಯಾ?' ಎಂದ. 'ತಂದಿದ್ದೀನಿ ಸಾರ್' ಎಂದು ಪುಸ್ತಕ ತೋರಿಸಿದೆ. ಬೆನ್ನು ತಟ್ಟಿದ. ನೋಯುವ ಭುಜದ ಮೇಲೇ ತಟ್ಟಿದ.

ಗುಮಾಸ್ತ ಪಕ್ಕದಲ್ಲಿ ಕೂತಿದ್ದಾನೆ. ಕನ್ನಡಕ ಹಾಕಿಕೊಂಡಿದ್ದಾನೆ. ಗಾಜು ಎರಡೂ ಸರಿಯಾಗಿವೆ. 'ಒಡೆದಿತ್ತಲ್ಲ?' ಎಂದರೆ 'ರಿಪೇರಿ ಆಯ್ತು ಸಾರ್' ಎಂದ. ಅವನು ಅತ್ತಿತ್ತ ಸರಿದಾಗಲೆಲ್ಲ ಬೆಂಚು ಕುಣಿಯ—

ಕರೆದರು. ಒಂದು ನಿಮಿಷ ಎಂದೆ. ಇದು ಯಾರಿಗೂ ಎಂದು ಬರೆದದ್ದಲ್ಲ. ಈಗ ಒಳಗೆ ವಿಚಾರಣೆಗೆ ಕೂತಿರುವ ಮೂವರು ಅಧಿಕಾರಿಗಳು ಓದುತ್ತಾರೆ. ಓದಿ. ಮುಂದಿನಿಂದಲೂ ಓದಿ, ಹಿಂದಿನಿಂದಲೂ ಓದಿ. ಮೂರು ಸಲ ಇನ್ನೊಬ್ಬನನ್ನು ಕೇಳಿದ ಅರ್ಜಿಗಳು ಕಮಾಂಡರ್ ಮೇಜಿನಲ್ಲಿವೆ, ಅವನ್ನೂ ತರಿಸಿ ಓದಿ. ಆ ಆರು ಮಂದಿಯ ಬಾಗಿಲು ಮುಚ್ಚುವುದಾದರೆ ನನ್ನ ಹೆಸರು ಹೇಳಿ ಮುಚ್ಚಿ, ಗಿಡ್ಡನದು ಹೇಳಬೇಡಿ.

ಅವನ ಲಾಗ್‌ಬುಕ್ ತೊಡೆಯ ಮೇಲಿದೆ. ಕೊನೆಯ ಸಾಲು ಬರೆದೇ ಒಳಗೆ ಹೋಗುತ್ತೇನೆ. ಇಲ್ಲೂ ನಕಲು ಇರಲಿ. ಹತ್ತಿದ ಹೊತ್ತು ೬-೨೫. ಇಳಿದ ಹೊತ್ತು ಖಾಲಿ. ಷರಾ: ಪೈಲಟ್ ಆಜ್ಞೆ ಪಾಲಿಸಿದ. ಇಳಿಯುವ ಮುಂಚೆ ಹಡಗು ತಿರುಗಿತ್ತು. ದಿಂಬು ಸರಿಯಾಗಿತ್ತು. ಆಜ್ಞೆ ಕೊಟ್ಟ ಕೈ ನನ್ನ—